ಬಾಯಿ ಕಟ್ಟಿದ ತೋಟ

ಆಷಾಢದ ಆ ಬೆಳಿಗ್ಗೆ ಗಾಳಿ ನಿಂತುಹೋಗಿತ್ತು. ಅಜ್ಜಂಪುರದ ಸೀಮೆಯಲ್ಲಿ ಆಷಾಢವೆಂದರೆ ಗಾಳಿಯೇ. ಹಗಲಿರುಳೂ ತೆಂಗಿನ ಗರಿಗಳನ್ನು ಒಂದಕ್ಕೊಂದು ಬಡಿಸುತ್ತ, ದಾರಿಯ ಧೂಳನ್ನೆಲ್ಲ ಎತ್ತಿ ದನಗಳ ಕಣ್ಣಿಗೆ ತುಂಬುತ್ತ ಬೀಸುವ ಆ ಗಾಳಿಯಿಲ್ಲದ ಆಷಾಢವನ್ನು ಊರ ಹಿರಿಯರೂ ಕಂಡಿರಲಿಲ್ಲ. ಮೋಡ ಕೆಳಗಿಳಿದು ಬುಕ್ಕಾಂಬುಧಿ ಕೆರೆಯ ಏರಿಯ ಮೇಲೆ ಒದ್ದೆ ಕಂಬಳಿಯಂತೆ ಕೂತಿತ್ತು. ಮಳೆಯಿಲ್ಲ, ಬಿಸಿಲೂ ಇಲ್ಲ. ಕೆರೆಯ ನೀರು ಎಣ್ಣೆಯಂತೆ ಅಲುಗದೆ ಬಿದ್ದಿತ್ತು.

ಏರಿಯ ತುದಿಗೆ ಬಂದಾಗ ಬೀರಪ್ಪ ನಿಂತ. ಬುಕ್ಕಾಂಬುಧಿಯ ಒಕ್ಕಲಿನವನು; ತನ್ನ ಎತ್ತುಗಳನ್ನು ದೇವೀರಪ್ಪನ ಮೂಲಕವೇ ಮಾರುತ್ತಿದ್ದವನು. ಬೆಳಿಗ್ಗೆಯಿಂದ ಅವನ ಜೊತೆಯಲ್ಲಿ ನಡೆದು ಬಂದರೂ ತುಟಿ ಬಿಚ್ಚಿರಲಿಲ್ಲ.

"ದೇವೀರಪ್ನೋರೇ, ಹರಾಜು ನೋಡೋಕಾದ್ರೆ ಬನ್ನಿ. ಕೂಗೋಕೆ ಬರಬ್ಯಾಡಿ. ಆ ತೋಟಕ್ಕೆ ಬಾಯಿ ಕಟ್ಟವ್ರೆ."

ದೇವೀರಪ್ಪ ನಕ್ಕ. "ನನ್ನ ಬಾಯಿ ಕಟ್ಟೋಕೆ ನನ್ನ ಹೆಂಡ್ತಿ ಕೈಲೇ ಆಗಿಲ್ಲ ಕಣೋ ಬೀರ. ಇನ್ಯಾವಳ ಕೈಲಾಗ್ತದೆ?"

ಅವನ ಬಾಯಿ ನಿಜಕ್ಕೂ ಹೆಸರಾದ ಬಾಯಿ. ಚೌಳಹಿರಿಯೂರಿನವನು, ದನದ ದಲ್ಲಾಳಿ. ಎಮ್ಮೆದೊಡ್ಡಿ ಕಾವಲಿನಲ್ಲಿ ಸರ್ಕಾರದ ಹೋರಿಗಳನ್ನು ಹರಾಜು ಹಾಕುವಾಗ ಅವನು ಈ ಕಡೆ ನಿಂತು ಕೂಗಿದರೆ ಆ ಕಡೆಯ ಹೋರಿ ಕಿವಿ ನಿಮಿರಿಸುತ್ತಿತ್ತಂತೆ. ರೈಲಿನ ಸೌಕರ್ಯವಿದೆ ಎಂದು ಹೋದ ವರ್ಷವಷ್ಟೇ ಹೆಂಡತಿ ಮಲ್ಲಿಕಾಂಬ ಮತ್ತು ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಅಜ್ಜಂಪುರಕ್ಕೆ ಬಂದು ಬಾಡಿಗೆ ಮನೆಯಲ್ಲಿ ಒಲೆ ಹೂಡಿದ್ದ. ಮಗಳು ತೀರ್ಥಮ್ಮ ಅಪ್ಪನ ಬಾಯನ್ನೇ ಹೊತ್ತು ಹುಟ್ಟಿದ್ದಳು. ಎದ್ದ ಗಳಿಗೆಯಿಂದ ಮಲಗುವ ಗಳಿಗೆಯವರೆಗೆ ಇರುವೆಯ ಜೊತೆ, ಒರಳಿನ ಜೊತೆ, ಕಟ್ಟಿದ ಕರುವಿನ ಜೊತೆ ಮಾತು. ಅವಳ ಹೆಸರಿನಲ್ಲಿ ಒಂದು ತೋಟ ಮಾಡಬೇಕು ಎನ್ನುವುದೊಂದೇ ದೇವೀರಪ್ಪನ ಆಸೆ. ಆಸೆಯಲ್ಲಿ ತಪ್ಪಿಲ್ಲ. ಶಿವ ಮನುಷ್ಯನಿಗೆ ಕೈಗಳನ್ನು ಕೊಟ್ಟಂತೆ ಆಸೆಯನ್ನೂ ಕೊಟ್ಟಿದ್ದಾನೆ. ಯಾವುದಕ್ಕೆ ಚಾಚಬೇಕು ಎನ್ನುವುದನ್ನು ಮಾತ್ರ ನಮಗೇ ಬಿಟ್ಟಿದ್ದಾನೆ.

ತೋಟದ ಕತೆಯನ್ನು ಬೀರಪ್ಪ ಅಲ್ಲಿಂದ ಮುಂದಿನ ದಾರಿಯುದ್ದಕ್ಕೂ ತಗ್ಗಿದ ದನಿಯಲ್ಲಿ ಹೇಳಿದ. ಅದು ಚನ್ನಬಸಪ್ಪನೆಂಬವನ ತೆಂಗಿನ ತೋಟ. ಸ್ವಂತಕ್ಕೆ ಒಂದು ಕಾಸು ಸಾಲ ಮಾಡಿದವನಲ್ಲ. ಗೆಳೆಯನೊಬ್ಬ ತರೀಕೆರೆಯ ಸಾಹುಕಾರನಲ್ಲಿ ಸಾಲ ಎತ್ತುವಾಗ, ಇವನಿಗೆ ನಾನು ಜಾಮೀನು ಎಂದು ಹತ್ತು ಜನರೆದುರು ಬಾಯಿಬಿಟ್ಟ. ಗೆಳೆಯ ಊರು ಬಿಟ್ಟ. ಕೋರ್ಟಿನಲ್ಲಿ ಕೇಳಿದಾಗ ಚನ್ನಬಸಪ್ಪ, ಹೌದು, ಆ ಮಾತು ನನ್ನದೇ ಎಂದ. ಇಲ್ಲ ಎಂದಿದ್ದರೆ ಉಳಿಯುತ್ತಿದ್ದ. ಡಿಕ್ರಿ ಆಯಿತು, ತೋಟ ಜಪ್ತಿಯಾಯಿತು, ಆ ಕೊರಗಿನಲ್ಲೇ ಅವನು ಶಿವೈಕ್ಯನಾದ. ಅವನ ಗದ್ದುಗೆ ಆ ತೋಟದ ನಡುವೆಯೇ ಇದೆ. ಹೆಂಡತಿ ಗುರುಶಾಂತಮ್ಮ ದಿನವೂ ಅಲ್ಲಿ ದೀಪ ಇಡುತ್ತಾಳೆ.

ಬಾಯಿಮಾತಿಗೆ ಹೋದ ತೋಟವನ್ನು ಇನ್ನೊಂದು ಬಾಯಿ ಕೂಗಬಾರದೆಂದು ತೂಬಿನ ಬಳಿಯ ಗುಡಿಸಲಿನ ಮುದುಕಿ ಕರಿಯಮ್ಮ ತೋಟದ ಮೂಲೆಮೂಲೆಗೂ ಹೂತಿದ್ದಳು: ಕರಿದಾರದಲ್ಲಿ ಬಾಯಿ ಹೊಲಿದ ತೆಂಗಿನಕಾಯಿಗಳನ್ನು. ಹಿಂದಿನ ಸಲ ಕೋರ್ಟಿನ ಅಮೀನರು ಬಂದು ಸವಾಲು ಕರೆದು ಕರೆದು ಬರಿಗೈಯಲ್ಲಿ ಹೋದರು. ಕಡೂರಿನ ಕೊಬ್ಬರಿ ವ್ಯಾಪಾರಿಯೊಬ್ಬ ಕೂಗಲು ಬಾಯಿ ತೆರೆದವನು ವಾಂತಿ ಮಾಡಿಕೊಂಡು ಗಾಡಿ ಹತ್ತಿದ.

"ಏನೋ ಹಳಸಿದ್ದು ತಿಂದಿದ್ದ, ಬಿಡು" ಎಂದ ದೇವೀರಪ್ಪ. ಯಾರೂ ಕೂಗದ ತೋಟ ಅಗ್ಗಕ್ಕೆ ಬೀಳುತ್ತದೆ ಎನ್ನುವುದಷ್ಟೇ ಅವನಿಗೆ ಕೇಳಿಸಿತ್ತು.

ತೋಟದಲ್ಲಿ ಜನ ಸೇರಿದ್ದರು. ಜನ ಸೇರಿದ ಕಡೆ ಇರಬೇಕಾದ ಸದ್ದು ಮಾತ್ರ ಇರಲಿಲ್ಲ. ಹಸಿ ಮಣ್ಣಿನ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ, ಕೂದಲು ಸುಟ್ಟಂಥದ್ದು, ಎಲ್ಲಿಂದಲೋ ತೆಳುವಾಗಿ ಬರುತ್ತಿತ್ತು. ತಮಟೆ ಬಡಿಯುವ ಲಕ್ಕಣ್ಣ ನಾಲ್ಕು ಏಟು ಹಾಕಿ ಕೋಲು ಕಂಕುಳಿಗೆ ಸಿಕ್ಕಿಸಿ ದೂರ ಸರಿದ. ಅಮೀನರು ಕೋರ್ಟಿನ ಹುಕುಂ ಓದಿದರು. ತೋಟದ ನಾಲ್ಕು ಎಲ್ಲೆಯ ಚೆಕ್ಕುಬಂದಿ ಓದಿದರು. ಸವಾಲು ಹಾಕುವವರು ಹಾಕಬಹುದು ಎಂದರು. ಗಂಡಸರೆಲ್ಲ ನೆಲ ನೋಡಿದರು. ಒಬ್ಬ ಮುದುಕ ಹೆಗಲ ಮೇಲಿನ ವಲ್ಲಿಬಟ್ಟೆಯ ತುದಿಯನ್ನು ಬಾಯಿಗೆ ಒತ್ತಿಕೊಂಡ.

ದೇವೀರಪ್ಪ ಬಾಯಿ ತೆರೆದ.

ತೆರೆದ ಬಾಯಿಯೊಳಕ್ಕೆ ಏನೋ ಹೋಯಿತು. ಜೇಡರ ನೂಲಿನಷ್ಟು ಸಣ್ಣದು, ತಣ್ಣಗಿನದು, ನಾಲಿಗೆಯ ಮೇಲೆ ಹರಿದು ಗಂಟಲಿಗಿಳಿಯಿತು. ಸುಣ್ಣದ ರುಚಿ. ಅವನು ಒಮ್ಮೆ ಉಗುಳಿ, ಗಂಟಲು ಸರಿಮಾಡಿಕೊಂಡು, ಎಮ್ಮೆದೊಡ್ಡಿಯ ಆ ದನಿಯಲ್ಲಿ ಸವಾಲು ಕೂಗಿದ. ಗುಂಪು ಒಂದು ಹೆಜ್ಜೆ ಹಿಂದಕ್ಕೆ ಹೋಯಿತು.

"ಒಂದನೇ ಸಲ" ಎಂದರು ಅಮೀನರು. "ಎರಡನೇ ಸಲ." ಸುತ್ತ ನೋಡಿದರು. "ಮೂರನೇ ಸಲ."

ತೋಟ ಅವನದಾಯಿತು. ಕಟ್ಟಬೇಕಾದ ಹಣ ಕಟ್ಟಿ, ಹೆಬ್ಬೆಟ್ಟು ಒತ್ತಿ ಏಳುವಾಗ ಗದ್ದುಗೆಯ ಪಕ್ಕದಿಂದ ಗುರುಶಾಂತಮ್ಮ ಎದ್ದು ಬಂದಳು. ಅಳಲಿಲ್ಲ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ನಮ್ಮನೆಯೋರು ಒಂದು ಬಾಯಿಮಾತಿಗೆ ಇದನ್ನ ಕಳಕೊಂಡ್ರು. ನೀನು ಒಂದು ಬಾಯಿಮಾತಿಗೆ ಪಡಕೊಂಡೆ. ಬಾಯಿ ಜೋಪಾನ ಕಣಪ್ಪ."

ಅಷ್ಟು ಹೇಳಿ ಅವಳು ಹೋದಳು. ಜನ ಅವನ ಕಡೆ ತಿರುಗದೆ ಚದುರಿದರು. ಬೀರಪ್ಪನೂ ಕಾಣಲಿಲ್ಲ.

ತೋಟದ ಮರಗಳನ್ನು ಮುಟ್ಟಿ ಮುಟ್ಟಿ ನೋಡುವಷ್ಟರಲ್ಲಿ ಹೊತ್ತು ಇಳಿಯಿತು. ಹೊರಟಾಗ ಮುಸ್ಸಂಜೆ. ಏರಿಯ ಮೇಲೆ ಅರ್ಧ ದಾರಿ ನಡೆದಿದ್ದನೋ ಏನೋ, ಪಕ್ಕದಲ್ಲಿ ಯಾರೋ ಹೆಜ್ಜೆ ಹಾಕುತ್ತಿದ್ದರು. ತಲೆಯ ಮೇಲಿಂದ ಕಂಬಳಿ ಹೊದ್ದಿದ್ದ ಆಳು. ಯಾವಾಗ ಬಂದನೋ ತಿಳಿಯಲಿಲ್ಲ. ಮೈಯಿಂದ ಹಸಿ ತೆಂಗಿನ ಸಿಪ್ಪೆ ಕೊಳೆತ ವಾಸನೆ.

ಆಳು ಮಾತಾಡದೆ ಕಂಬಳಿಯ ಅಂಚನ್ನು ಎತ್ತಿ ಹಿಡಿದ.

ದನದ ಸಂತೆಯಲ್ಲಿ ಬೆಲೆ ಬಾಯಲ್ಲಿ ಹೇಳುವ ರೂಢಿಯಿಲ್ಲ. ಕೊಳ್ಳುವವನೂ ಮಾರುವವನೂ ಬಟ್ಟೆಯ ಮರೆಯಲ್ಲಿ ಕೈಹಿಡಿದು, ಬೆರಳೊತ್ತಿ ಬೆಲೆ ತಿಳಿಸುತ್ತಾರೆ. ಒಪ್ಪಿದವನು ಅಂಗೈಯನ್ನು ಒಮ್ಮೆ ಗಟ್ಟಿಯಾಗಿ ಅದುಮುತ್ತಾನೆ. ಅದುಮಿದ ಮೇಲೆ ವ್ಯಾಪಾರ ತಿರುಗುವುದಿಲ್ಲ. ಈ ವರ್ಷದ ಫಸಲು ಕೇಳುವವನಿರಬೇಕು ಎಂದುಕೊಂಡ ದೇವೀರಪ್ಪ. ಕೈ ಒಳಗೆ ಹೋಯಿತು. ಅಷ್ಟು ವರ್ಷದ ಅಭ್ಯಾಸ, ಯೋಚನೆ ಮಾಡಲಿಲ್ಲ.

ಒಳಗಿದ್ದ ಕೈ ಕೆರೆಯ ತಳದ ಕಲ್ಲಿನಂತಿತ್ತು. ಅಂಗೈಯಲ್ಲಿ ಗೆರೆಗಳೇ ಇಲ್ಲ. ಅದು ಅವನ ಬೆರಳುಗಳನ್ನು ಒಂದೊಂದಾಗಿ ತಡವಿ ಕಿರುಬೆರಳನ್ನು ಹಿಡಿಯಿತು. ಸಂತೆಯಲ್ಲಿ ಯಾರೂ ಬರಿಯ ಕಿರುಬೆರಳು ಹಿಡಿಯುವುದಿಲ್ಲ. ಹಳ್ಳಿಗಾಡಿನ ಹೊಸಬ, ರೂಢಿ ತಿಳಿಯದವನು, ಒಂದು ನೂರು ಎನ್ನುತ್ತಿದ್ದಾನೆ ಎಂದು ಅವನು ತಿಳಿದ. ಒಳ್ಳೆಯ ಬೆಲೆ. ಏನು ಕೊಡುತ್ತಿದ್ದೇನೆ ಎಂದು ಕೇಳದೆ ಅಂಗೈ ಅದುಮಿದ.

"ಯಾವೂರಪ್ಪಾ ನಿಂದು?" ಎಂದ ಆಮೇಲೆ.

ಕಂಬಳಿ ಸರಿಯಿತು. ಎರಡು ಕಣ್ಣು. ಕಣ್ಣಿನ ಕೆಳಗೆ ನುಣ್ಣಗಿನ ಚರ್ಮ. ಮೂಗಿನಿಂದ ಗದ್ದದವರೆಗೂ ಚರ್ಮ. ಬಾಯಿ ಇರಬೇಕಾದ ಜಾಗದಲ್ಲಿ ಏನೂ ಇಲ್ಲ. ಆ ಚರ್ಮ ಒಳಗಿನಿಂದ ಒಮ್ಮೆ ಉಬ್ಬಿತು. ತಗ್ಗಿತು. ನಗುವಂತೆ.

ಅವನು ಓಡಿದ.

ಮನೆಯಲ್ಲಿ ದೀಪ ಹಚ್ಚಿತ್ತು. ತೀರ್ಥಮ್ಮ ಬಾಗಿಲಲ್ಲಿ ಕೂತಿದ್ದಳು. ಅಪ್ಪನನ್ನು ಕಂಡು ಎದ್ದು ಬಂದಳು, ಬಾಯಿ ತೆರೆದಳು. ತುಟಿ ಆಡಿತು, ನಾಲಿಗೆ ಆಡಿತು. ದನಿ ಬರಲಿಲ್ಲ. ಮಗು ತನ್ನ ಗಂಟಲನ್ನು ತಾನೇ ಮುಟ್ಟಿ ನೋಡಿಕೊಂಡು ಅಪ್ಪನ ಮುಖ ನೋಡಿತು.

ಶೀತ ಎಂದರು ನೆರೆಯವರು. ಕಷಾಯ ಕುಡಿಸಿದರು. ತರೀಕೆರೆಯ ಡಾಕ್ಟರು ದೀಪ ಹಿಡಿದು ಗಂಟಲು ನೋಡಿ, ಎಲ್ಲ ಸರಿಯಿದೆ, ಬೆದರಿರಬೇಕು ಎಂದರು. ದೇವೀರಪ್ಪನೂ ಹಾಗೇ ಹೇಳಿಕೊಂಡ. ಏರಿಯ ಮೇಲೆ ಕಂಡದ್ದನ್ನು ಮಲ್ಲಿಕಾಂಬನಿಗೆ ಹೇಳಲಿಲ್ಲ. ಅದು ಮಬ್ಬುಗತ್ತಲು, ಯಾವನೋ ಕಾಯಿಲೆಯವನು, ಮುಖ ಸುಟ್ಟವನು ಎಂದು ತನಗೆ ತಾನೇ ಸಮಾಧಾನ ಹೇಳಿದ. ಮನೆಯಲ್ಲಿ ಒರಳು ಸುಮ್ಮನಿತ್ತು, ಕರು ಸುಮ್ಮನಿತ್ತು. ಮಾತು ನಿಂತ ಮನೆಯಲ್ಲಿ ಅಕ್ಕಿ ಬೇಯುವ ಸದ್ದೂ ದೊಡ್ಡದಾಗಿ ಕೇಳುತ್ತದೆ.

ಶ್ರಾವಣದಲ್ಲಿ ಹರಾಜು ಕಾಯಂ ಆಯಿತು. ತೋಟ ಸ್ವಾಧೀನಕ್ಕೆ ಬಂದ ದಿನ ದೇವೀರಪ್ಪ ಹೊರಗಿನಿಂದ ಕೂಲಿಯಾಳನ್ನು ಕರೆತಂದು ಕಾಯಿ ಕೆಡವಿಸಿದ. ಊರಿನವರು ಯಾರೂ ಬರಲಿಲ್ಲ. ಒಂದು ಕಾಯಿ ಸುಲಿದ ಆಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೆಳಗಿಟ್ಟ. ಇನ್ನೊಂದು ಸುಲಿದ. ಅದನ್ನೂ ಇಟ್ಟ.

ತೆಂಗಿನಕಾಯಿಗೆ ಎರಡು ಕಣ್ಣು, ಒಂದು ಬಾಯಿ. ಮೊಳಕೆ ಬರುವುದು ಆ ಬಾಯಿಯಿಂದಲೇ. ಈ ಕಾಯಿಗಳಿಗೆ ಕಣ್ಣುಗಳಿದ್ದವು. ಬಾಯಿಯ ಜಾಗ ನುಣ್ಣಗೆ ಮುಚ್ಚಿಹೋಗಿತ್ತು. ಸುಲಿದ ಕಾಯಿಗಳೆಲ್ಲ ಹಾಗೇ. ಆಳು ಕೂಲಿ ಕೇಳದೆ ಮಚ್ಚು ತಗೊಂಡು ಹೊರಟುಹೋದ.

ಆಗ ತೋಟದ ನಡುವಿನಿಂದ ದನಿ ಬಂತು. ಎಳೆಯ ದನಿ.

"ಅಪ್ಪಾ, ಇಲ್ನೋಡು, ಇರುವೆ."

ದೇವೀರಪ್ಪ ಸುತ್ತ ತಿರುಗಿ ನೋಡಿದ. ಅದು ತೀರ್ಥಮ್ಮನ ದನಿ. ಮಗು ಮನೆಯಲ್ಲಿ ಅಮ್ಮನ ಮಡಿಲಲ್ಲಿತ್ತು. ದನಿ ಮರದಿಂದ ಮರಕ್ಕೆ ಸರಿಯಿತು, ನಕ್ಕಿತು, ಕರುವನ್ನು ಹೆಸರಿಟ್ಟು ಕರೆಯಿತು. ಆಮೇಲೆ ಅದೇ ಎಳೆ ದನಿ, ಪಾಠ ಒಪ್ಪಿಸುವಂತೆ, ನಿಧಾನವಾಗಿ ಹೇಳಿತು: "ಒಂದನೇ ಸಲ."

ತೂಬಿನ ಬಳಿ ಕರಿಯಮ್ಮ ಗುಡಿಸಲ ಮುಂದೆ ಕೂತು ಹುಣಿಸೆಬೀಜ ಆರಿಸುತ್ತಿದ್ದಳು. ಅವನು ಎದುರಿಗೆ ಕುಸಿದು ಎಲ್ಲವನ್ನೂ ಹೇಳಿದ. ಮುದುಕಿ ತಲೆ ಎತ್ತಲಿಲ್ಲ.

"ನಾನು ಬಾಯಿ ಕಟ್ಟಿದ್ದು ಕೂಗದಿರ್ಲಿ ಅಂತ ಕಣಪ್ಪ. ಯಾರೂ ಕೂಗಲ್ಲ ಅಂತ್ಲೇ ನಂಬಿದ್ದೆ. ನೀನು ಕೂಗ್ದೆ. ಕಟ್ಟಿದ್ದು ಹರಿದ್ರೆ ಅದ್ಕೆ ಒಂದು ಬಾಯಿ ಬೇಕು. ಕೇಳ್ತು. ನೀನೇ ಕೊಟ್ಟೆ."

"ನಾನು ಕಾಯಿಗೆ ಅಂತ ಅದುಮ್ದೆ ಕಣಜ್ಜಿ."

"ಕಿರುಬೆರಳು ಅಂದ್ರೆ ಏನು? ಮನೇಲಿ ಕಿರಿದು ಯಾವುದೋ ಅದು." ಬೀಜವೊಂದನ್ನು ಆರಿಸಿ ಪಕ್ಕಕ್ಕಿಟ್ಟಳು. "ಕೋರ್ಟಿನ ಹರಾಜು ಮುಗೀತು. ಅದರ ಹರಾಜು ಈಗ ಶುರುವಾಗದೆ. ಮೂರನೇ ಸಲ ಅಂದ್ಬಿಟ್ರೆ ಬ್ರಹ್ಮ ಬಂದ್ರೂ ಬಿಡಿಸೋಕಾಗಲ್ಲ. ಅಷ್ಟ್ರೊಳಗೆ ಮೇಲಿನ ಸವಾಲು ಹಾಕು."

ಏನು ಹಾಕಲಿ ಎಂದು ಅವನು ಕೇಳಲಿಲ್ಲ. ದಲ್ಲಾಳಿಗೆ ಬೆಲೆ ಹೇಳಿಕೊಡಬೇಕಾಗಿರಲಿಲ್ಲ.

"ಇನ್ನೊಂದ್ ಮಾತು" ಎಂದಳು ಮುದುಕಿ ಅವನ ಬೆನ್ನಿಗೆ. "ತೋಟ ಇಟ್ಕೊಂಡ್ರೆ ಮತ್ತೊಂದು ಬಾಯಿ ಕೇಳ್ತದೆ. ನಿಮ್ಮನೇಲಿ ಹೆಂಡ್ತೀನೂ ಅವ್ಳೆ."

ಅವನು ಏರಿ ಇಳಿದು ತೋಟದೊಳಕ್ಕೆ ಬರುವಾಗ ಹೊತ್ತು ಮುಳುಗಿತ್ತು. ಗರಿಗಳ ಕೆಳಗೆ ಕತ್ತಲು ಹೊರಗಿಗಿಂತ ಮೊದಲೇ ಬಂದು ಕೂತಿತ್ತು. ಸುಟ್ಟ ಕೂದಲಿನ ವಾಸನೆ. ಕೊಳೆತ ಸಿಪ್ಪೆಯ ವಾಸನೆ. ಕಾಲಡಿಯಲ್ಲಿ ಬಾಯಿಲ್ಲದ ಕಾಯಿಗಳು ಉರುಳಿದವು. ಜೋಡಿ ಜೋಡಿ ಕಣ್ಣುಗಳು ಅವನನ್ನೇ ನೋಡಿದವು.

"ಎರಡನೇ ಸಲ" ಎಂದಿತು ಮಗಳ ದನಿ.

ಅವನು ವಲ್ಲಿಬಟ್ಟೆ ಬಿಚ್ಚಿದ. ಎಡಗೈಯ ಮೇಲೆ ಹರಡಿದ. ಬಲಗೈಯನ್ನು ಅದರಡಿಗೆ ಚಾಚಿದ. ಕಾದ. ಯಾರೂ ಇಲ್ಲ. ಗರಿ ಅಲುಗಲಿಲ್ಲ. ಶಿವಶಿವಾ ಎಂದಿತು ಎದೆ.

ಕೈ ಬಂತು.

ತಣ್ಣಗೆ. ಗೆರೆಯಿಲ್ಲದೆ. ಅದು ನೇರ ಕಿರುಬೆರಳಿಗೇ ಹೋಯಿತು. ಅವನು ಬೆರಳು ಕಿತ್ತುಕೊಂಡ. ಅದು ಮತ್ತೆ ಹುಡುಕಿತು. ಮತ್ತೆ ಕಿತ್ತುಕೊಂಡ. ಉಗುರು ಚರ್ಮ ಸೀಳಿತು. ಬಿಸಿ ರಕ್ತ ಬಟ್ಟೆಗಿಳಿಯಿತು. ಅವನು ಹೆಬ್ಬೆರಳನ್ನು ಎತ್ತಿ ಆ ಅಂಗೈಯ ನಡುವೆ ಇಟ್ಟ. ಕೈ ನಿಂತಿತು. ಯೋಚಿಸಿತು. ಹೆಬ್ಬೆರಳನ್ನು ತಡವಿತು. ಕತ್ತಲಲ್ಲಿ ಎಲ್ಲೋ ಮಗಳ ದನಿ "ಮೂ" ಎಂದು ತೊಡಗಿತು.

"ನಂದು" ಎಂದ ದೇವೀರಪ್ಪ. "ನನ್ನ ಬಾಯಿ. ತಗೋ."

ಅದೇ ಅವನ ಕೊನೆಯ ಮಾತು.

ಅಂಗೈ ಅದುಮಿತು. ಮೂಳೆ ಕಟಕಟ ಎಂದಿತು. ಗಂಟಲಿನ ಆಳದಿಂದ ಏನೋ ಹೊರಟಿತು. ನೂಲು. ಸಣ್ಣ ನೂಲು. ಎಳೆಯಾಗಿ, ಎಳೆಯಾಗಿ, ಹುಟ್ಟಿದಾಗಿನಿಂದ ಆಡಿದ ಮಾತನ್ನೆಲ್ಲ ಸುತ್ತಿಕೊಂಡು, ತುಟಿಯ ನಡುವಿನಿಂದ ಹೊರಗೆ ಹರಿಯಿತು. ತುದಿ ಕಳಚಿತು.

ಆಮೇಲೆ ತೋಟದ ನಡುವಿನಿಂದ, ಎಮ್ಮೆದೊಡ್ಡಿಯ ಹೋರಿ ಕಿವಿ ನಿಮಿರಿಸುತ್ತಿದ್ದ ಆ ಗಟ್ಟಿ ದನಿ, ಅವನದೇ ದನಿ, ಕೂಗಿತು:

"ಮೂರನೇ ಸಲ."

ಗಾಳಿ ಬೀಸಿತು. ಎಲ್ಲ ಗರಿಗಳೂ ಒಟ್ಟಿಗೆ ಬಡಿದುಕೊಂಡವು.

ಅವನು ಮನೆ ಮುಟ್ಟಿದಾಗ ಬಾಗಿಲಲ್ಲಿ ಮಲ್ಲಿಕಾಂಬ ಅಳುತ್ತ ನಗುತ್ತ ನಿಂತಿದ್ದಳು. ಮಗು ಅವಳ ಕಾಲ ಸಂದಿಯಿಂದ ನುಗ್ಗಿ ಬಂತು. ಎಲ್ಲಿಗೆ ಹೋಗಿದ್ದೆ, ಕೈಗೆ ಏನಾಯ್ತು, ಕರು ಇವತ್ತು ಹುಲ್ಲು ತಿನ್ನಲಿಲ್ಲ, ನಂಗೆ ಹಸಿವು ಎಂದು ಒಂದೇ ಉಸಿರಿಗೆ ಕೇಳಿತು. ದೇವೀರಪ್ಪ ಅದನ್ನು ಎತ್ತಿಕೊಂಡ. ಉತ್ತರಕ್ಕಾಗಿ ಮಗು ಅವನ ತುಟಿಯನ್ನೇ ನೋಡುತ್ತಿತ್ತು. ತುಂಬ ಹೊತ್ತು ನೋಡಿತು.

ಅದಾದ ಮೇಲೆ ಅವನು ತಡಮಾಡಲಿಲ್ಲ; ತೋಟದ ಕಾಗದ ತೋರಿಸಿ, ಗದ್ದುಗೆಗೆ ದೀಪ ಇಡುವ ಸನ್ನೆ ಮಾಡಿ, ಅದು ಗುರುಶಾಂತಮ್ಮನಿಗೇ ಸೇರಬೇಕೆಂದು ಮಲ್ಲಿಕಾಂಬನಿಗೆ ತಿಳಿಸಿದ. ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ತರೀಕೆರೆಯ ರಿಜಿಸ್ಟ್ರಾರ್ ಕಚೇರಿಗೆ ಹೋದ. ಪತ್ರ ಬರೆಯುವವನು ಮಲ್ಲಿಕಾಂಬನಿಂದ ವಿಷಯ ಕೇಳಿ ತಿಳಿದು ದಾನಪತ್ರ ಎಂದು ತಲೆಬರಹ ಹಾಕಿದ. ದಾನ ಎಂದು ಅವನು ಓದಿ ಹೇಳಿದ್ದೇ ದೇವೀರಪ್ಪ ಕಾಗದದ ಮೇಲೆ ಕೈಯಿಟ್ಟು ಅಲ್ಲವೆಂದು ತಲೆಯಾಡಿಸಿದ. ಇದು ದಾನವಲ್ಲದೆ ಇನ್ನೇನು, ಹಣ ಪಡೆಯದೆ ಕೊಟ್ಟರೆ ಕಾನೂನಿನಲ್ಲಿ ಅದಕ್ಕೆ ಹೆಸರು ದಾನವೇ ಎಂದ ಬರೆಯುವವನು. ದೇವೀರಪ್ಪ ಮತ್ತೆ ಅಡ್ಡಡ್ಡ ತಲೆಯಾಡಿಸಿದ. ಕಣ್ಣಲ್ಲಿ ನೀರಾಡಿತು. ಮೇಜಿನ ಆಚೆಯಿಂದ ರಿಜಿಸ್ಟ್ರಾರರು ತಲೆ ಎತ್ತಿ, ಏನಂತೆ ಇವನದು, ಖುಷಿಯಿಂದ ಕೊಡುತ್ತಿದ್ದಾನೋ ಇಲ್ಲವೋ, ಯಾರಾದರೂ ಬಾಯಿಬಿಟ್ಟು ಹೇಳಬೇಕಲ್ಲ ಎಂದರು.

"ನಮ್ಮಪ್ಪ ಕೊಡ್ತಾ ಇಲ್ಲ" ಎಂದಳು ತೀರ್ಥಮ್ಮ. ಕಚೇರಿಯೆಲ್ಲ ತಿರುಗಿ ನೋಡಿತು. "ವಾಪಸ್ ಕೊಡ್ತಾ ಅವ್ನೆ."

ಕಾನೂನು ಕೇಳುವ ಹೆಸರಿನಲ್ಲೇ ಪತ್ರವಾಯಿತು. ಒಳಗಿನ ಸಾಲಿನಲ್ಲಿ ಮಾತ್ರ ಬರೆಯುವವನು ಮಗು ಆಡಿದ ಮಾತನ್ನು ಸೇರಿಸಿದ.

ಮರುದಿನ ಸಂಜೆ ಗುರುಶಾಂತಮ್ಮ ತನ್ನ ಮನೆಯ ಜಗುಲಿಯಲ್ಲಿ ಕೂತು ದೀಪದ ಬತ್ತಿ ಹೊಸೆಯುತ್ತಿದ್ದಳು. ಬೀದಿಯಲ್ಲಿ ಜನ ಬಾಗಿಲಿಗೆ ಬಂದು ನಿಂತು ನೋಡಿದರು. ಬೀರಪ್ಪನೂ ನೋಡಿದ. ದೇವೀರಪ್ಪ ಮೆಟ್ಟಿಲ ಕೆಳಗೆ ಎಕ್ಕಡ ಬಿಟ್ಟು ಹತ್ತಿದ. ಅವಳು ಅವನ ಮುಖ ನೋಡಿದಳು, ಮುಚ್ಚಿದ ತುಟಿಗಳನ್ನು ನೋಡಿದಳು. ಬತ್ತಿಯನ್ನು ಪಕ್ಕಕ್ಕಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. ಅವನು ಬಗ್ಗಿ, ಎರಡೂ ಕೈಯಿಂದ, ಪತ್ರವನ್ನು ಅವಳ ಕೈಯಲ್ಲಿಟ್ಟ.